ಹಿಮ್ಮಡಿಗೂ ಪಾಲಿಶ್

ಗಾಡಿ ಹೊರಡಲು ಇನ್ನು ನಲವತ್ತು ನಿಮಿಷ.
ಅಲ್ಮಾಟಿಯ ಎರಡನೇ ನಿಲ್ದಾಣ, ಒಂಬತ್ತನೇ ಬೋಗಿ.
ಕುಲ್ಯಾಶ್ ಅಪಾಯ್ ಹೊಸ ಹುಡುಗಿಯನ್ನು
ಮೇಲಿಂದ ಕೆಳಗೆ ನೋಡುತ್ತಾಳೆ,
ಸಂತೆಯಲ್ಲಿ ಕುದುರೆಯ ಹಲ್ಲು ಎಣಿಸುವ ಹಾಗೆ.

ಅಪಾಯ್ ಅಂದರೆ ಅವರ ಮಾತಿನಲ್ಲಿ ಅಕ್ಕ, ಹಿರಿಯಳು.
ನಮ್ಮ ಕಿವಿಗೆ ಬೇರೇನೋ ಕೇಳಿಸಿದರೆ
ಝಾದಿರಾಳ ಎದೆಗೂ ಈಗ ಕೇಳಿಸುತ್ತಿರುವುದು ಅದೇ.

"ಕೂದಲು ಬಿಗಿ. ಇನ್ನೂ.
ಹುಬ್ಬು ಮೇಲಕ್ಕೆ ಹೋಗುವಷ್ಟಲ್ಲ ಮಾರಾಯ್ತಿ,
ಮೂರನೇ ಹಗಲಿಗೆ ತಲೆನೋವು ಮುಖಕ್ಕಿಳಿಯುತ್ತದೆ.
ಸೆಂಟು ಒರೆಸಿಕೋ.
ಐವತ್ತನಾಲ್ಕು ಮಂದಿ, ಅವರ ಸಾಕ್ಸು, ಹೊಗೆ ಹಾಕಿದ ಮೀನು,
ಕೂಸಿನ ಹಾಲುವಾಂತಿ,
ಇದರ ಮೇಲೆ ನಿನ್ನ ಗುಲಾಬಿಯೂ ಯಾಕೆ?

ಉಗುರು ತೋರಿಸು.
ಬಣ್ಣ ಇರಲಿ ಬಿಡು, ಅಡಿಯಲ್ಲಿ ಕೊಳೆ ಇರಬಾರದು.
ಪಾಯಿಖಾನೆ ತೊಳೆಯುವುದು ಇದೇ ಕೈ,
ಚಹಾ ಕೊಡುವುದೂ ಇದೇ.
ನಡುವೆ ಸೋಪು ಬಂದುಹೋಗಿದೆ ಎಂದು ಅವರು ನಂಬಬೇಕು.
ನಂಬಿಸುವುದಲ್ಲ. ಬಂದುಹೋಗಿರಬೇಕು.

ಬೂಟು ತಿರುಗಿಸು. ಹಾಂ, ಮುಂದಷ್ಟೇ ಉಜ್ಜಿದ್ದೀಯ.
ಹಿಮ್ಮಡಿ ಉಜ್ಜುವವರು ಯಾರು, ನಿನ್ನ ಅತ್ತೆಯೆ?
ನೀನು ಎದುರಿಗೆ ಬರುವಾಗ ಅವರು ಟಿಕೆಟು ತಡಕುತ್ತಿರುತ್ತಾರೆ.
ನೋಡುವುದು, ನೀನು ಹೋಗುವಾಗ."

ಆಮೇಲೆ ಬಯಲು, ಬಯಲು, ಒಂದು ಒಂಟೆ, ಬಯಲು.
ಸಕ್ಕರೆಪೊಟ್ಟಣ ಎಣಿಸುತ್ತಲೇ ಉಳಿದ ಪಾಠ:
ಮಲಗಿದವರನ್ನು ಮುಟ್ಟಬೇಡ, ಹಲಗೆ ತಟ್ಟು.
ಕುಡಿದವನೊಡನೆ ವಾದ ಬೇಡ,
ಬಿಸಿ ಚಹಾ ಕೈಗಿಡು, ಚೆಲ್ಲಬಾರದೆಂದು ಸುಮ್ಮನಾಗುತ್ತಾನೆ.
ಮುದುಕಿ ಬೌರ್ಸಾಕ್ ಕೊಟ್ಟರೆ ತೆಗೆದುಕೋ, ಒಂದು.
ಎರಡನೆಯದು ಲಂಚ.

ಎರಡನೇ ರಾತ್ರಿ ಪಾಳಿ ಝಾದಿರಾಳದು.
ಟೋಪಿ ನೆಟ್ಟಗೆ, ಗುಂಡಿ ಕುತ್ತಿಗೆಯವರೆಗೆ,
ಒಂದು ಎಳೆ ಕೂದಲೂ ಆಚೆಗಿಲ್ಲ.
ಹಾಗೇ ಕೂತಲ್ಲೇ
ನಿದ್ದೆ.

ಕಝಾಲಿ ದಾಟಿ ಪುಟ್ಟ ನಿಲ್ದಾಣ, ನಿಲ್ಲುವುದು ಎರಡೇ ನಿಮಿಷ.
ಇಳಿಯಬೇಕಾದ ಮುದುಕನ ಹತ್ತಿರ
ಮೊಮ್ಮಗಳಿಗೆಂದು ತಂದ ಹೊಲಿಗೆಯಂತ್ರ,
ಆರು ಕರಬೂಜ, ಗಾಢ ಗೊರಕೆ.

ಬ್ರೇಕಿನ ಸದ್ದಿಗೇ ಎದ್ದವಳು ಕುಲ್ಯಾಶ್.
ಚಪ್ಪಲಿಯಲ್ಲಿ, ಬಿಚ್ಚಿದ ನರೆಗೂದಲಲ್ಲಿ,
ಒಂದರ ಗುಂಡಿ ಇನ್ನೊಂದರ ಕಾಜಿಗೆ ಸಿಕ್ಕಿಸಿಕೊಂಡು
ಜಲ್ಲಿಕಲ್ಲಿನ ಮೇಲೆ ಧುಮುಕಿ
ಕೆಂಪು ದೀಪ ಎತ್ತಿ ಹಿಡಿದಳು.
ಯಂತ್ರ ಇಳಿಯಿತು. ಮುದುಕ ಇಳಿದ.
ಐದು ಕರಬೂಜ ಇಳಿದವು, ಆರನೆಯದು ಉರುಳಿ ಹಳಿಯಡಿಗೆ.
ದೀಪ ಇಳಿಯಲಿಲ್ಲ,
ಮುದುಕ ಒಮ್ಮೆ ಎಲ್ಲ ಎಣಿಸಿ ತಲೆಯಾಡಿಸುವ ತನಕ.

ರೈಲಿನ ಮೇಲಧಿಕಾರಿ ಯೆರ್ಮುರಾತ್ ಬಂದ, ಗಡಿಯಾರ ತೋರಿಸುತ್ತ.
"ಮೂರು ನಿಮಿಷ ತಡ. ಯಾರ ತಪ್ಪು?"
"ಒಂಬತ್ತನೇ ಬೋಗಿಯದು. ಬರೆದುಕೊಳ್ಳಿ."
"ಹೆಸರು?"
"ಬೋಗಿಗೆ ಹೆಸರೆಲ್ಲಿಂದ ಬಂತು ತಮ್ಮಾ."
ಅವನು ಅವಳ ಚಪ್ಪಲಿ ನೋಡಿದ,
ಅದನ್ನೂ ಬರೆದುಕೊಂಡ.

ಬೈಗುಳಕ್ಕೆ ಕಾದು ಕಾದು
ಝಾದಿರಾ ತೊಳೆದ ಲೋಟವನ್ನೇ ಮೂರು ಸಲ ತೊಳೆದಳು.
ಕಿಟಕಿಯಾಚೆ ಉಪ್ಪುನೆಲ ಬೆಳ್ಳಗಾಗುತ್ತಿತ್ತು,
ಅದು ಬೆಳಗೋ ಉಪ್ಪೋ ತಿಳಿಯದ ಹೊತ್ತು.

ಕುಲ್ಯಾಶ್ ಸ್ಟೂಲೆಳೆದು ಬೆನ್ನು ಮಾಡಿ ಕೂತಳು.
ಹಲ್ಲಿನಲ್ಲಿ ಕಚ್ಚಿದ್ದ ಪಿನ್ನುಗಳನ್ನು ಒಂದೊಂದಾಗಿ
ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು.

"ಹಿಂದೆ ಎಳೆ ಬಿಟ್ಟಿದೆಯೋ ನೋಡು.
ಅಲ್ಲಿ ನನಗೆ ಕಾಣುವುದಿಲ್ಲ."

ಹುಡುಗಿ ಮೊದಲು ಹೋಗಿ
ಕೈ ತೊಳೆದು ಬಂದಳು.